‘ರಿ’ ನುಂಗಿದ ಯಂತ್ರ

ನನ್ನ ದನಿಗೆ ಪಡಸಾಲೆ ಎಂಬುದೇ ಇಲ್ಲ. ಒಂದೋ ಬೀದಿ, ಇಲ್ಲವೇ ದೇವರ ಕೋಣೆ. ಮಾತು ಶುರುವಾಗುವಾಗ ಎದುರು ಮನೆಯವರು ಬಾಗಿಲು ತೆರೆದು ನೋಡುವಷ್ಟು ಜೋರು. ಮುಗಿಯುವಾಗ ಪಕ್ಕದಲ್ಲಿ ಕೂತವರೂ ‘ಆಂ?’ ಎಂದು ಕಿವಿ ಮುಂದೆ ತರುವಷ್ಟು ಸಣ್ಣ. ಇದು ನನ್ನ ತಪ್ಪಲ್ಲವೆಂದು ಅರವತ್ತು ದಾಟಿದ ಮೇಲೂ ವಾದಿಸುತ್ತಿರುತ್ತೇನೆ. ಇಳಕಲ್ಲಿನ ಮಗ್ಗದ ಮನೆಯಲ್ಲಿ ಹುಟ್ಟಿದವನು ನಾನು. ಅಪ್ಪ ಮಗ್ಗದ ಕೆಳಗೆ ತೋಡಿದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ಹಲಗೆ ಬಡಿಯುತ್ತಿದ್ದರೆ, ಎರಡು ಬಡಿತಗಳ ನಡುವಿನ ಸಂದಿಯಲ್ಲಿ ನಾವು ಮಾತು ತೂರಿಸಬೇಕಿತ್ತು. ಮೊದಲ ಶಬ್ದ ಕೂಗದಿದ್ದರೆ ಅಪ್ಪ ತಲೆ ಎತ್ತುತ್ತಿರಲಿಲ್ಲ. ತಲೆ ಎತ್ತಿದರೆ ಮಗ್ಗ ನಿಲ್ಲುತ್ತಿತ್ತು. ಆಮೇಲೂ ಕೂಗಿದರೆ ಬೈಗುಳ ಬೀಳುತ್ತಿತ್ತು. ಹೀಗಾಗಿ ನಮ್ಮ ಮನೆಯಲ್ಲಿ ಎಲ್ಲರ ಮಾತೂ ಎತ್ತರದಲ್ಲಿ ಹೊರಟು ಜಾರುತ್ತ ಜಾರುತ್ತ ನೆಲಕ್ಕೆ ಬಂದು ಕೂರುತ್ತಿತ್ತು.

ಮಗ್ಗ ಹೋಗಿ ಎಷ್ಟೋ ವರ್ಷವಾಯಿತು. ನಾನು ಕಾಲೇಜಿನ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಸಹಾಯಕನಾಗಿ ಸೇರಿ, ಬೇರೆಯವರ ಪ್ರಯೋಗಗಳಿಗೆ ತಂತಿ ಜೋಡಿಸಿ ಕೊಡುತ್ತ ನಿವೃತ್ತನಾದೆ. ದನಿ ಮಾತ್ರ ಇನ್ನೂ ಕುಣಿಯ ಮಗ್ಗದ ಎದುರಿಗೇ ನಿಂತಿದೆ.

ಇದರಿಂದ ಯಾರಿಗೂ ತೊಂದರೆ ಇರಲಿಲ್ಲ, ನನ್ನ ಹೆಂಡತಿ ಗಿರಿಜಾಳಿಗೆ ಬಿಟ್ಟರೆ. ಅವಳಿಗೆ ರೂಢಿಯಾಗಿತ್ತು. ತೊಂದರೆ ಶುರುವಾದದ್ದು ಬಾದಾಮಿಯ ಬೀಗರಿಂದ. ನನ್ನ ಮಗಳು ಸವಿತಾಳನ್ನು ಕೊಟ್ಟ ಮನೆ ಅದು. ಅವಳ ಮಾವ ಶಿವಲಿಂಗಪ್ಪನವರು ಪ್ರಾಥಮಿಕ ಶಾಲೆಯ ಹೆಡ್ಮಾಸ್ತರರಾಗಿದ್ದವರು. ಬೆಳಿಗ್ಗೆ ಪತ್ರಿಕೆ ಓದದೆ ಚಹಾ ಕುಡಿಯದವರು, ದಪ್ಪ ಪುಸ್ತಕ ಕಂಡರೆ ಮಗುವನ್ನು ಎತ್ತಿಕೊಳ್ಳುವ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಳ್ಳುವವರು. ಎರಡು ವರ್ಷದ ಹಿಂದೆ ಅವರ ಕಣ್ಣಿನ ನರ ಒಣಗುತ್ತ ಬಂದು, ಬೆಳಕು ಕಾಣುತ್ತದೆ, ಅಕ್ಷರ ಕಾಣುವುದಿಲ್ಲ ಎಂಬಂತಾಯಿತು. ಮನೆಯಲ್ಲಿ ಓದಿ ಹೇಳಲು ಯಾರಿಗೂ ಪುರಸೊತ್ತಿಲ್ಲವೆಂದಲ್ಲ, ಕೇಳಲು ಅವರಿಗೇ ಸಂಕೋಚ. ಆ ಕೆಲಸವನ್ನು ನಾನು ಮೈಮೇಲೆ ಎಳೆದುಕೊಂಡೆ. ದಿನಾ ಬೆಳಿಗ್ಗೆ ಪತ್ರಿಕೆಯಿಂದ ಒಂದಿಷ್ಟು, ಯಾವುದಾದರೂ ಪುಸ್ತಕದಿಂದ ಹತ್ತು ಪುಟ ಓದಿ ಫೋನಿಗೆ ಕಳಿಸುತ್ತಿದ್ದೆ. ಅರ್ಧ ತಾಸಿನೊಳಗೆ ಅವರ ದನಿಯಲ್ಲಿ ಎರಡೇ ಮಾತಿನ ರಸೀದಿ ಬರುತ್ತಿತ್ತು: “ಮುಟ್ಟೇತ್ರಿ, ಕೇಳೇನ್ರಿ.”

ಆರು ತಿಂಗಳು ಹೀಗೆ ನಡೆದ ಮೇಲೆ ಸವಿತಾ ಅಳುಕುತ್ತ ಒಂದು ವಿಷಯ ತಿಳಿಸಿದಳು. ಮಾವನವರು ಹೊರಗಿನ ಕಟ್ಟೆಯ ಮೇಲೆ ಫೋನಿಟ್ಟುಕೊಂಡು ಕೇಳುತ್ತಾರಂತೆ. ವಾಕ್ಯದ ಕೊನೆ ಕೇಳಿಸದೆ ದನಿ ಏರಿಸುತ್ತಾರೆ, ಮುಂದಿನ ವಾಕ್ಯ ಸಿಡಿಲಿನ ಹಾಗೆ ಬಂದು ಬಡಿಯುತ್ತದೆ, ಮತ್ತೆ ಇಳಿಸುತ್ತಾರೆ. ಮೊನ್ನೆ ಕಾಂಪೌಂಡಿನ ಮೇಲೆ ಕೂತಿದ್ದ ಮಂಗಗಳ ಹಿಂಡು ನನ್ನ ಸಂಪಾದಕೀಯಕ್ಕೆ ಬೆದರಿ ಓಡಿಹೋಯಿತಂತೆ. ಬಾದಾಮಿಯ ಮಂಗಗಳು ಪ್ರವಾಸಿಗರ ಕೈಯಿಂದ ಚೀಲ ಕಸಿಯುವಂಥವು. ಕೋಲು ಬೀಸಿದರೂ ಕದಲದ ಅವುಗಳನ್ನು ನಾನು ಇಳಕಲ್ಲಿನಲ್ಲಿ ಕೂತು ಓಡಿಸಿದ್ದೆ. ಬೀಗರು ಅದನ್ನು ಮೆಚ್ಚುಗೆಯಿಂದಲೇ ಹೇಳಿದರಂತೆ. ನನಗೆ ನಾಚಿಕೆಯಾಯಿತು.

ಹುನಗುಂದದಲ್ಲಿ ಪೆಂಡಾಲಿಗೆ ಮೈಕು ಹಚ್ಚುವ ರಾಜೇಸಾಬ ನನ್ನ ಹಳೆಯ ಪರಿಚಯ. ಅವನ ಅಂಗಡಿಗೆ ಹೋಗಿ ರೋಗ ಹೇಳಿದೆ. ಅವನು ಹೆಚ್ಚು ಕೇಳಲಿಲ್ಲ. ಮಗಳು ಬಿಟ್ಟುಹೋದ ಲ್ಯಾಪ್‌ಟಾಪನ್ನು ನನ್ನ ಕೈಯಿಂದ ಇಸಿದುಕೊಂಡು, ಅದರಲ್ಲಿ ಧ್ವನಿ ತಿದ್ದುವ ತಂತ್ರಾಂಶ ಹಾಕಿ, ಕಂಪ್ರೆಸರ್ ಎಂಬ ಕಿಟಕಿ ತೆರೆದು ತೋರಿಸಿದ.

“ಇದು ಊರಾಗಿನ ಹಿರ್ಯಾ ಇದ್ದಂಗ್ರಿ ಸರ್,” ಅಂದ. “ಒದರಾವ್ರನ್ನ ಕುಂದ್ರಸ್ತೈತಿ, ಸುಮ್ಮ ಕುಂತಾವ್ರನ್ನ ಎಬ್ಬಸ್ತೈತಿ.”

ಇದಕ್ಕಿಂತ ಚೆನ್ನಾಗಿ ಕಂಪ್ರೆಸರನ್ನು ವಿವರಿಸಿದವರನ್ನು ನಾನು ಕಂಡಿಲ್ಲ. ಆಮೇಲೆ ಗುಂಡಿಗಳ ಹೆಸರು ಹೇಳಿಕೊಟ್ಟ. ಮೊದಲನೆಯದು ಥ್ರೆಶೋಲ್ಡ್. ಮನೆಗೆ ಬಂದು ನಿಘಂಟು ತೆಗೆದರೆ ಹೊಸ್ತಿಲು ಎಂದಿತ್ತು. ನನಗೆ ಖುಷಿಯಾಗಿಹೋಯಿತು. ದನಿಗೂ ಒಂದು ಹೊಸ್ತಿಲು. ಅದರೊಳಗೆ ನೀವು ಹೇಗಾದರೂ ಇರಿ, ದಾಟಿದರೆ ಮಾತ್ರ ಹಿಡಿಯುತ್ತದೆ. ಎಷ್ಟು ಬಿಗಿಯಾಗಿ ಹಿಡಿಯಬೇಕೆಂಬುದಕ್ಕೆ ರೇಶಿಯೊ. ನಾಲ್ಕಕ್ಕೆ ಒಂದು ಎಂದಿಟ್ಟರೆ ಹೊಸ್ತಿಲಾಚೆ ನಾಲ್ಕು ಹೆಜ್ಜೆ ಇಟ್ಟವನನ್ನು ಒಂದೇ ಹೆಜ್ಜೆಗೆ ನಿಲ್ಲಿಸುತ್ತದೆ. ಗಿರಿಜಾ ಮದುವೆಯಾದಾಗಿನಿಂದ ನನ್ನನ್ನು ಇಟ್ಟಿರುವುದು ಹೆಚ್ಚುಕಡಿಮೆ ಇದೇ ಲೆಕ್ಕದಲ್ಲಿ. ದಾಟಿದ ದನಿಯನ್ನು ಎಷ್ಟು ಬೇಗ ಹಿಡಿಯಬೇಕೆಂಬುದು ಅಟ್ಯಾಕ್, ಹಿಡಿದದ್ದನ್ನು ಎಷ್ಟು ಹೊತ್ತಿಗೆ ಬಿಡಬೇಕೆಂಬುದು ರಿಲೀಸ್. ಎಲ್ಲ ತಗ್ಗಿಸಿಯಾದ ಮೇಲೆ ಒಟ್ಟಾರೆ ಮೇಲೆತ್ತಲು ಇನ್ನೊಂದು ಗುಂಡಿ.

ಈ ಅಟ್ಯಾಕು ರಿಲೀಸುಗಳ ಬಗ್ಗೆ ನಾನು ಬಹಳ ದಿನ ಯೋಚಿಸಿದ್ದೇನೆ. ನಮ್ಮ ಸಿಟ್ಟಿಗೂ ಇವೆರಡು ಇವೆಯಲ್ಲ. ನನ್ನದು ಅಟ್ಯಾಕ್ ಚುರುಕು, ರಿಲೀಸ್ ಬಹಳ ನಿಧಾನ. ಮೈದುನನೊಬ್ಬ ಯಾವುದೋ ಮದುವೆಯಲ್ಲಿ ‘ಮಾಮಾರಿಗೆ ಏನ ತಿಳೀತೈತಿ’ ಎಂದದ್ದಕ್ಕೆ ತಟ್ಟನೆ ಹಿಡಿದ ನನ್ನ ಸಿಟ್ಟು, ಅವನ ಮಕ್ಕಳ ಮದುವೆಯಾಗುವವರೆಗೂ ಬಿಟ್ಟಿರಲಿಲ್ಲ. ನಡುವೆ ಅವನು ಆಡಿದ ಒಳ್ಳೆಯ ಮಾತುಗಳೆಲ್ಲ ಆ ಹಿಡಿತದಲ್ಲೇ ಸಿಕ್ಕಿ ನನಗೆ ಕೇಳಿಸದೆ ಹೋದವು. ಇದನ್ನು ಯಂತ್ರದ ಗುಂಡಿ ನೋಡಿದಾಗಲೇ ನೆನಪಿಸಿಕೊಂಡಿದ್ದರೆ ಮುಂದಿನ ಫಜೀತಿ ತಪ್ಪುತ್ತಿತ್ತು.

ಆದರೆ ಪ್ರಯೋಗಾಲಯದ ಸಹಾಯಕನ ಕೈಗೆ ಗುಂಡಿ ಸಿಕ್ಕರೆ ತಿರುಗಿಸದೆ ಬಿಡುತ್ತಾನೆಯೇ? ಹೊಸ್ತಿಲು ತಗ್ಗಿಸಿದೆ, ಹಿಡಿತ ಬಿಗಿ ಮಾಡಿದೆ, ರಿಲೀಸನ್ನು ಆದಷ್ಟು ಉದ್ದ ಎಳೆದೆ. ಹಿಂದೆ ಫ್ಯಾನಿನ ಗುಂಯ್ ಎನ್ನುವ ಸದ್ದು ಎದ್ದು ಬಂತು. ಅದನ್ನು ಗುಡಿಸಿ ಹಾಕಲು ಗದ್ದಲ ತೆಗೆಯುವ ಇನ್ನೊಂದು ಗುಂಡಿಯನ್ನೂ ಒತ್ತಿದೆ. ಈಗ ಬಂದ ದನಿ ಕೇಳಿ ನನಗೇ ನನ್ನ ಮೇಲೆ ಗೌರವ ಹುಟ್ಟಿತು. ಏರಿಲ್ಲ, ಇಳಿವಿಲ್ಲ; ಆಕಾಶವಾಣಿಯಲ್ಲಿ ಇಷ್ಟು ವರ್ಷ ನನ್ನನ್ನು ಯಾಕೆ ಕರೆಯಲಿಲ್ಲವೋ ಎನಿಸಿತು. ಓದಿದ್ದನ್ನು ಕೊನೆಯವರೆಗೆ ಕೇಳುವ ತಾಳ್ಮೆ ಮಾತ್ರ ಇರಲಿಲ್ಲ. ಎರಡು ನಿಮಿಷ ಕೇಳಿ ಕಳಿಸಿಬಿಟ್ಟೆ.

ಅವತ್ತಿನ ಓದಿನ ಕೊನೆಯಲ್ಲಿ ಒಂದು ಮುಖ್ಯವಾದ ಮಾತಿತ್ತು. ಸವಿತಾಳಿಗೆ ಏಳು ತಿಂಗಳು ತುಂಬುತ್ತಿತ್ತು. ಮುಂದಿನ ಸೋಮವಾರ ನಮ್ಮ ಮನೆಯಲ್ಲಿ ಕುಬುಸದ ಕಾರ್ಯ, ಅಂದರೆ ಸೀಮಂತ. ಹಸಿರು ಇಳಕಲ್ ಸೀರೆ, ಕುಬುಸ ಹೊಲಿಸುವ ಕಣದ ಬಟ್ಟೆ ಎಲ್ಲ ತಂದಾಗಿತ್ತು. ನಮ್ಮ ಕಡೆ ಬೀಗರನ್ನು ಕರೆಯುವುದೆಂದರೆ ಚೀಟಿ ಕೊಟ್ಟು ಬರುವುದಲ್ಲ. ಬಾಯಿ ತುಂಬ ಕರೆಯಬೇಕು. ಕರೆದದ್ದರಲ್ಲಿ ಒಂದು ಎಳೆ ಕಡಿಮೆಯಾದರೂ ಅದು ಮೊಮ್ಮಕ್ಕಳ ಕಾಲದವರೆಗೆ ಉಳಿಯುತ್ತದೆ. ನಾನು ಬಾಯಿ ತುಂಬಾನೇ ಕರೆದಿದ್ದೆ.

ಅವತ್ತು ರಸೀದಿ ಬರಲಿಲ್ಲ. ಮರುದಿನವೂ ಇಲ್ಲ. ನಾನು ಓದಿ ಕಳಿಸುವುದನ್ನು ಬಿಡಲಿಲ್ಲ, ಆ ಕಡೆಯಿಂದ ‘ಮುಟ್ಟೇತ್ರಿ’ ಎಂಬುದು ನಿಂತೇಹೋಯಿತು. ನಾಲ್ಕನೆಯ ದಿನ ಸವಿತಾ ಫೋನು ಮಾಡಿದಳು. ದನಿ ಸಣ್ಣದಾಗಿತ್ತು.

“ಅಪ್ಪಾ, ನೀ ಮಾವಾರಿಗೆ ಏನರ ಅಂದೇನು? ಫೋನ್ ಕಿವಿಗೆ ಹಚಗೊಂಡು ಒಬ್ಬರ ಕುಂದರ್ತಾರ. ಕುಬುಸದ ಮಾತ ತಗದ್ರ ‘ನೋಡೂನು’ ಅಂತಾರ.”

‘ನೋಡೂನು’ ಎಂಬ ಶಬ್ದದ ಭಾರ ಬೀಗತನ ಮಾಡಿದವರಿಗೇ ಗೊತ್ತು. ನಾನು ತಲೆಯಲ್ಲಿ ಎಲ್ಲ ತಿರುವಿಹಾಕಿದೆ. ಪತ್ರಿಕೆಯಲ್ಲಿ ಶಿಕ್ಷಕರನ್ನು ಟೀಕಿಸಿದ್ದ ಲೇಖನವೇನಾದರೂ ಓದಿದೆನೇ? ಮಂಗಗಳನ್ನು ಓಡಿಸಿದ್ದು ತಪ್ಪಾಯಿತೇ? ಏನೂ ಹೊಳೆಯಲಿಲ್ಲ. ಸೋಮವಾರಕ್ಕೆ ಮೂರೇ ದಿನವಿತ್ತು. ಹಿರಿಯರಿಲ್ಲದೆ ಕಾರ್ಯವಾದರೆ ಬಂದವರೆಲ್ಲ ಮೊದಲು ಕೇಳುವ ಪ್ರಶ್ನೆ ಅದೇ, ಅದಕ್ಕೆ ಉತ್ತರ ಕೊಡುತ್ತ ಕೂರಬೇಕಾದವಳು ಹಸಿರು ಸೀರೆಯುಟ್ಟ ನನ್ನ ಮಗಳು. ಅದನ್ನು ನೆನೆದು ನನಗೆ ಊಟ ಸೇರಲಿಲ್ಲ.

ಕೊನೆಗೆ ಗಿರಿಜಾ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದು, ಅವತ್ತು ಏನು ಕಳಿಸಿದ್ದಿರೋ ಅದನ್ನೇ ಹಚ್ಚಿ ಎಂದಳು. ಹಚ್ಚಿದೆ. ನನ್ನ ಆಕಾಶವಾಣಿಯ ದನಿ ನಿರಾಳವಾಗಿ ಹರಿಯಿತು. ಓದು ಮುಗಿದು ಕರೆಯುವ ಮಾತು ಬಂತು. ನಾನು ಮೈಕಿನ ಮುಂದೆ ಹೇಳಿದ್ದು ಹೀಗೆ: “ಶಿವಲಿಂಗಪ್ಪಾರ, ಹೆಂಗ ಅದೀರಿ? ನಾಷ್ಟಾ ಆತೇನ್ರಿ? ಸೋಮವಾರ ಕುಬುಸ ಐತ್ರಿ, ಬಂದಬಿಡ್ರಿ.” ಫೋನಿನಿಂದ ಹೊರಬಂದದ್ದು ಹೀಗೆ: “ಶಿವಲಿಂಗಪ್ಪಾ, ಹೆಂಗ ಅದೀ? ನಾಷ್ಟಾ ಆತೇನ್? ಸೋಮವಾರ ಕುಬುಸ ಐತ್, ಬಂದಬಿಡ್.”

ಗಿರಿಜಾಳ ಕೈಯ ಹಿಟ್ಟು ಅಲ್ಲೇ ಒಣಗಿತು. “ಅಲ್ರಿ, ಬೀಗರಿಗೆ ಏಕವಚನದಾಗ ಮಾತಾಡೀರಲ್ಲಾ. ತಲಿ ನೆಟ್ಟಗ ಐತೋ ಇಲ್ಲೋ?”

ತಲೆ ನೆಟ್ಟಗಿತ್ತು, ಗುಂಡಿ ನೆಟ್ಟಗಿರಲಿಲ್ಲ. ಲ್ಯಾಪ್‌ಟಾಪ್ ತೆರೆದು ಅಲೆಯ ಚಿತ್ರ ನೋಡಿದಾಗ ಕಳ್ಳ ಸಿಕ್ಕ. ‘ಹೆಂಗ ಅದೀ’ ಎಂಬುದು ನನ್ನ ಮಗ್ಗದ ದನಿಯಲ್ಲಿ ಜೋರಾಗಿ ಹೊಸ್ತಿಲು ದಾಟಿದೆ. ಯಂತ್ರ ಗಪ್ಪನೆ ಹಿಡಿದಿದೆ. ಅದು ಹಿಡಿತ ಬಿಡುವುದರೊಳಗೆ ಹಿಂದಿನಿಂದ ಮೆಲ್ಲಗೆ ಬಂದ ‘ರಿ’ಯೂ ಅದೇ ಮುಷ್ಟಿಯಲ್ಲಿ ಸಿಕ್ಕಿ ಅಡಗಿಹೋಗಿದೆ. ಅಡಗಿದ್ದನ್ನು ಗದ್ದಲ ತೆಗೆಯುವ ಗುಂಡಿ ಕಸವೆಂದು ತಿಳಿದು ಗುಡಿಸಿ ಹಾಕಿದೆ. ನುಂಗಿದ್ದು ರಿಲೀಸ್, ಅದರ ಮೊದಲಕ್ಷರವೇ ‘ರಿ’!

ಈ ‘ರಿ’ಯ ಮಹಿಮೆ ಹೊರಗಿನವರಿಗೆ ಸುಲಭವಾಗಿ ತಿಳಿಯುವುದಿಲ್ಲ. ನಮ್ಮ ಕಾಲೇಜಿಗೆ ಮೈಸೂರು ಕಡೆಯಿಂದ ಬಂದ ಅಧ್ಯಾಪಕರೊಬ್ಬರು, ಹೌದ್ರಿ ಅಲ್ರಿ ಯಾಕ್ರಿ ಎಲ್ಲ ಕೇಳಿ ಕೇಳಿ, ಸಂಘಗಳ ಹೆಸರಿನ ಮುಂದೆ ಆವರಣದಲ್ಲಿ ‘ರಿ’ ಬರೆಯುತ್ತಾರಲ್ಲ, ನಿಮ್ಮ ಕಡೆ ಮಾತುಗಳನ್ನೂ ನೋಂದಣಿ ಮಾಡಿಸುತ್ತೀರಾ ಎಂದು ಕೇಳಿದ್ದರು. ಒಂದು ರೀತಿಯಲ್ಲಿ ಅದು ಸರಿಯೇ. ‘ರಿ’ ಹಚ್ಚಿದ ಮಾತಿಗೆ ಮೊಹರು ಬಿದ್ದಂತೆ. ಆದರೆ ಅದರ ಸ್ವಭಾವ ನೋಡಿ: ಅದನ್ನು ಯಾವಾಗಲೂ ಮೆಲ್ಲಗೆ ಹೇಳಬೇಕು. ಮಾತೆಲ್ಲ ಜೋರಾಗಿದ್ದರೂ ‘ರಿ’ಗೆ ಬಂದಾಗ ದನಿ ತಾನಾಗಿ ಬಾಗುತ್ತದೆ. ‘ರಿ’ಯನ್ನೇ ಎತ್ತಿ ಹೇಳಿದರೆ ಅದು ಮರ್ಯಾದೆಯಲ್ಲ, ಜಗಳ. ಹೀಗೆ ನಮ್ಮ ಗೌರವವೆಲ್ಲ ಇರುವುದು ದನಿಯ ಅತಿ ತಗ್ಗಿನ ಜಾಗದಲ್ಲಿ. ರಾಜೇಸಾಬನ ಹಿರಿಯ, ಸುಮ್ಮನೆ ಕೂತವರನ್ನು ಎಬ್ಬಿಸುವ ಬದಲು ಹೊರಗೆ ಹಾಕಿದ್ದ.

ಫೋನಿನಲ್ಲಿ ತಿಳಿಸಿ ಹೇಳುವ ಸಂಗತಿ ಇದಾಗಿರಲಿಲ್ಲ. ಇನ್ನೊಂದು ‘ರಿ’ ಎಲ್ಲಿ ಹಾರಿಹೋಗುತ್ತದೋ ಎಂಬ ಭಯ ಬೇರೆ. ಮರುದಿನ ಬೆಳಿಗ್ಗೆ ಬಸ್ಸು ಹಿಡಿದೆ. ಚೀಲದಲ್ಲಿ ಲ್ಯಾಪ್‌ಟಾಪು, ಜೊತೆಗೆ ಸಾಕ್ಷಿಗೆಂದು ಅಲೆಯ ಚಿತ್ರದ ಎರಡು ಪ್ರಿಂಟು. ‘ರಿ’ ಕಾಣೆಯಾದ ಕಡೆಗಳಿಗೆಲ್ಲ ಕೆಂಪು ಶಾಯಿಯಲ್ಲಿ ಗುರುತು ಹಾಕಿದ್ದೆ. ಹುನಗುಂದ ಬಂತು, ಹೋಯಿತು. ಕಣ್ಣು ಕಾಣದವರಿಗೆ ಚಿತ್ರ ತೋರಿಸಲು ಹೊರಟಿದ್ದೇನೆ ಎಂಬುದು ಹೊಳೆದದ್ದು ಅಮೀನಗಡ ದಾಟಿದ ಮೇಲೆ. ಪ್ರಿಂಟುಗಳನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು, ಕ್ಷಮೆ ಕೇಳುವ ಮಾತನ್ನು ಎಲ್ಲ ‘ರಿ’ಗಳೊಂದಿಗೆ ಮನಸ್ಸಿನಲ್ಲೇ ಉರುಹೊಡೆಯುತ್ತ ಕೂತೆ.

ಬೀಗರು ಕಟ್ಟೆಯ ಮೇಲಿದ್ದರು. ನನ್ನ ಕೆಮ್ಮಿನಿಂದಲೇ ಗುರುತು ಹಿಡಿದು ಎದ್ದು ನಿಂತರು. ಸವಿತಾ ನೀರು ತಂದಿಟ್ಟು ಬಾಗಿಲ ಮರೆಯಲ್ಲೇ ನಿಂತಳು. ನಾನು ಕೂತವನೇ ಶುರುಮಾಡಿದೆ. ಹೊಸ್ತಿಲು, ಹಿಡಿತ, ರಿಲೀಸು, ಗುಡಿಸುವ ಗುಂಡಿ ಎಲ್ಲ ವಿವರಿಸಿದೆ. ಮೂಲದಲ್ಲಿ ‘ರಿ’ ಇದ್ದದ್ದಕ್ಕೆ ಪುರಾವೆಯಾಗಿ ತಿದ್ದುವ ಮೊದಲಿನ ಧ್ವನಿಯನ್ನು ಲ್ಯಾಪ್‌ಟಾಪಿನಲ್ಲಿ ಕೇಳಿಸಿದೆ. ಹೆಂಗ ಅದೀರಿ, ಆತೇನ್ರಿ, ಬಂದಬಿಡ್ರಿ, ಒಂದೊಂದೂ ಇತ್ತು. ನಿಮಗೆ ಏಕವಚನದಲ್ಲಿ ಮಾತಾಡುವಷ್ಟು ನಾನು ಕೆಟ್ಟಿಲ್ಲ, ಎಲ್ಲ ಈ ಮಷಿನ್ನಿನ ತಪ್ಪು ಎಂದು ಮುಗಿಸಿದೆ. ಪ್ರಯೋಗ ಯಶಸ್ವಿಯಾದ ಸಮಾಧಾನ ನನಗೆ.

ಅವರ ಮುಖ ಅರಳಬೇಕಿತ್ತು. ಬದಲಿಗೆ ಸಣ್ಣದಾಯಿತು.

“ಹಂಗಾರ ಅದು ಮಷಿನ್ ಅಂದದ್ದೇನ್ರಿ,” ಅಂದರು. “ನೀವಲ್ಲ.”

ನನಗೆ ಅರ್ಥವಾಗಲಿಲ್ಲ. ಅವರು ಕೈಯಲ್ಲಿದ್ದ ಫೋನನ್ನು ಧೋತರದ ಅಂಚಿನಿಂದ ಒರೆಸಿದರು.

“ಅದನ್ನ ಎಷ್ಟ ಸಲ ಕೇಳೇನಿ ಲೆಕ್ಕ ಇಲ್ರಿ ಬೀಗರ. ನನಗ ‘ಹೆಂಗ ಅದೀ’ ಅನ್ನಾವ ಒಬ್ಬಾಂವ ಇದ್ದ, ತುಳಸಿಗೇರಿ ಭೀಮ್ಯಾ. ಕೂಡೇ ಸಾಲಿ ಕಲ್ತಾವ್ರು. ಹ್ವಾದ ವರ್ಷ ಅಂವಾನೂ ಹ್ವಾದ. ಈಗ ರಿ ಹಚ್ಚದ ನನ್ನ ಮಾತಾಡಸಾವ್ರು ಯಾರೂ ಉಳದಿಲ್ರಿ. ನೀವು ಅಂದದ್ದ ಕೇಳಿ… ಛಲೋ ಅನಿಸ್ತು. ತಿರಿಗಿ ಏನ ಹೇಳಬೇಕು, ರಿ ಹಚ್ಚಿ ಹೇಳಬೇಕೋ ಹಚ್ಚದ ಹೇಳಬೇಕೋ, ಅದ ತಿಳೀದ ಸುಮ್ಮಕಿದ್ದೆ.”

ನಾನು ಲ್ಯಾಪ್‌ಟಾಪನ್ನು ಮುಚ್ಚಿದೆ. ಇಷ್ಟು ಹೊತ್ತು ನಾನು ಸಾಕ್ಷಿ ಸಮೇತ ಸಾಧಿಸಿದ್ದು ಏನೆಂಬುದು ಆಗ ತಿಳಿಯಿತು. ಹೆಂಡತಿಗೆ ಅವರು ‘ಏನ್ರಿ’, ಮಗನಿಗೆ ‘ಅಪ್ಪಾರು’, ಸೊಸೆಗೆ ‘ಮಾವಾರು’, ಊರಿಗೆ ‘ಸರ್’. ಎಲ್ಲರೂ ಒಂದೊಂದು ಮೆಟ್ಟಿಲು ಕೆಳಗೆ ನಿಂತೇ ಮಾತಾಡಿಸುವ ಮನುಷ್ಯನಿಗೆ, ಕಣ್ಣು ಮಬ್ಬಾದ ಕಾಲದಲ್ಲಿ ಯಾರೋ ಪಕ್ಕಕ್ಕೆ ಬಂದು ಹೆಗಲ ಮೇಲೆ ಕೈ ಹಾಕಿದಂತಾಗಿತ್ತು. ಆ ಕೈ ನನ್ನದಲ್ಲವೆಂದು ಹೇಳಲು ನಾನು ಇಳಕಲ್ಲಿನಿಂದ ಬಸ್ಸು ಹತ್ತಿ ಬಂದಿದ್ದೆ. ನನಗೆ ನಿಜಕ್ಕೂ ದುಃಖವಾಯಿತು.

ಸರಿಪಡಿಸೋಣವೆಂದು ಅಲ್ಲೇ ಬಾಯಿ ತೆರೆದೆ. ಹೇಗಿದ್ದೀ ಎಂದು ಎದುರಿಗೇ ಕೇಳಿಬಿಡಬೇಕು ಎಂದುಕೊಂಡೆ. “ಹೆಂಗ ಅದೀ” ಎಂಬಲ್ಲಿಯವರೆಗೆ ಬಂತು. ನಾಲಿಗೆ ಅಲ್ಲಿ ನಿಲ್ಲಲಾರದೆ ಒದ್ದಾಡಿ, ಕೊನೆಗೆ ಬಾಲವೊಂದನ್ನು ಸೇರಿಸಿಯೇ ಸುಮ್ಮನಾಯಿತು: “…ರಿ.” ಬೀಗರು ನಕ್ಕರು, ನಾನೂ ನಕ್ಕೆ. ಬಾಗಿಲ ಮರೆಯಲ್ಲಿ ಸವಿತಾ ನಕ್ಕದ್ದು ಕೇಳಿಸಿತು. ಅವಳು ಅಷ್ಟು ದಿನ ಬಿಗಿಹಿಡಿದ ಉಸಿರು ಬಿಟ್ಟದ್ದೂ ಕೇಳಿಸಿತು.

ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ದೇವರಿಗೆ ನಾವು ಯಾರೂ ‘ರಿ’ ಹಚ್ಚುವುದಿಲ್ಲ. ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕೂತ ಬೀಗರೂ ಅವನನ್ನು ‘ನೀನು’ ಎಂದೇ ಕರೆಯುತ್ತಾರೆ. ಅಷ್ಟು ದೊಡ್ಡವನಿಗೆ ಸಿಗುವ ಸಲಿಗೆ ಒಬ್ಬ ನಿವೃತ್ತ ಹೆಡ್ಮಾಸ್ತರರಿಗೆ ಸಿಗುವುದಿಲ್ಲ. ಮರ್ಯಾದೆ ಎಂಬುದು ಬಹಳ ಒಳ್ಳೆಯದು, ಅದರಲ್ಲಿ ಚಳಿ ಸ್ವಲ್ಪ ಹೆಚ್ಚು.

ಸೋಮವಾರ ಬೀಗರು ಎಲ್ಲರಿಗಿಂತ ಮೊದಲು ಬಂದರು. ಸವಿತಾಳ ಸೀರೆಯ ಸೆರಗನ್ನು ಬೆರಳಿನಿಂದ ಸವರಿ, ಒಡಲಿನ ಎಳೆಗಳಿಗೂ ಸೆರಗಿನ ಎಳೆಗಳಿಗೂ ಕೊಂಡಿ ಹಾಕಿ ಜೋಡಿಸಿದ ಜಾಗ ಹುಡುಕಿ, ಇಲ್ಲೇ ಕೂಡಿದೆ ನೋಡಿ ಎಂದು ನನಗೇ ತೋರಿಸಿದರು. ಬಂದವರ ಮುಂದೆ ನಾನು ಅವರಿಗೆ ಹಚ್ಚಬೇಕಾದ ‘ರಿ’ಗಳನ್ನೆಲ್ಲ ಹಚ್ಚಿದೆ, ಅವರೂ ಒಂದನ್ನೂ ಬಿಡದೆ ಹಿಂದಿರುಗಿಸಿದರು.

ಈಗ ನನ್ನ ಲ್ಯಾಪ್‌ಟಾಪಿನಲ್ಲಿ ಎರಡು ಹೊಂದಾಣಿಕೆಗಳಿವೆ. ಪತ್ರಿಕೆಗೆ ಮತ್ತು ಪುಸ್ತಕಕ್ಕೆ ಒಂದು: ಹೊಸ್ತಿಲು ಎತ್ತರ, ಹಿಡಿತ ಹದ, ರಿಲೀಸ್ ಚುರುಕು. ಅಕ್ಷರವೊಂದೂ ನಷ್ಟವಾಗುವುದಿಲ್ಲ, ಮಂಗಗಳೂ ಕಾಂಪೌಂಡಿನ ಮೇಲೆ ಕೂತೇ ಇರುತ್ತವಂತೆ. ಇನ್ನೊಂದು, ಓದು ಮುಗಿದ ಮೇಲಿನ ಎರಡು ಮಾತಿಗೆ. ಆ ಮಾತುಗಳನ್ನು ನಾನು ಮೈಕಿನ ಮುಂದೆ ಎಂದಿನಂತೆ ಮರ್ಯಾದೆಯಿಂದಲೇ ಆಡುತ್ತೇನೆ. ನನ್ನ ಬಾಯಿಗೆ ಬೇರೆ ಬರುವುದಿಲ್ಲ. ಆಮೇಲೆ ರಿಲೀಸಿನ ಗುಂಡಿಯನ್ನು ಮೆಲ್ಲಗೆ ಅವತ್ತಿನಷ್ಟೇ ಉದ್ದಕ್ಕೆ ಎಳೆದು, ಗುಡಿಸುವ ಗುಂಡಿಯನ್ನೂ ಒತ್ತುತ್ತೇನೆ. ಬಾಯಿಂದಾಗದ ಕೆಲಸವನ್ನು ಯಂತ್ರ ಮಾಡುತ್ತದೆ. ಗಿರಿಜಾ ಇದನ್ನು ಕಂಡೂ ಕಾಣದಂತೆ ಇದ್ದಾಳೆ.

ಇದು ಶುರುವಾಗಿ ಹದಿನೈದು ದಿನವಾಗಿರಬೇಕು. ಮೊನ್ನೆ ಬೆಳಿಗ್ಗೆ ಬಾದಾಮಿಯಿಂದ ಎಂದಿನಂತೆ ರಸೀದಿ ಬಂತು. “ಮುಟ್ಟೇತಿ, ಕೇಳೇನಿ,” ಎಂದಿತು ಹೆಡ್ಮಾಸ್ತರರ ದನಿ. ಗಂಟಲು ಸರಿಮಾಡಿಕೊಂಡು, “ನಾಳೆ ಎರಡ ಪುಟ ಹೆಚ್ಚಿಗಿ ಓದು.”

ಮೂರು ಸಲ ಹಚ್ಚಿ ಕೇಳಿದೆ. ಆಮೇಲೆ ಸವಿತಾಳಿಗೆ ಫೋನು ಮಾಡಿ, ಮಾವನವರ ಫೋನಿನಲ್ಲಿ ಯಾರಾದರೂ ಕಂಪ್ರೆಸರ್ ಏನಾದರೂ ಹಾಕಿಕೊಟ್ಟಿದ್ದಾರೆಯೇ ಎಂದು ವಿಚಾರಿಸಿದೆ.

ಇಲ್ಲವಂತೆ.